ಒಂದು ಹಗಲಿನಲ್ಲಿ ಮೂರು ಸಂಸ್ಥಾನ

ಪ್ರವಾಸಕ್ಕೆ ಹೊರಡುವವರು ಜೊತೆಗೆ ನಕ್ಷೆಯೊಂದನ್ನು ಒಯ್ಯುವುದು ವಾಡಿಕೆ. ಕಳೆದ ಡಿಸೆಂಬರಿನ ಒಂದು ರವಿವಾರ ನಾನೂ ನನ್ನ ಗೆಳೆಯರೊಬ್ಬರೂ ಸೈಕಲ್ ಹತ್ತಿ ಹೊರಟಾಗ ನಮ್ಮ ಬಳಿ ಇದ್ದುದು ಸಾವಿರ ವರುಷ ಹಳೆಯದಾದ ಒಂದು ವಿಳಾಸ. ಅದನ್ನು ಬರೆದಿಟ್ಟವನು ಕವಿ ರನ್ನ. 993ರಲ್ಲಿ ಮುಗಿಸಿದ 'ಅಜಿತಪುರಾಣ'ದಲ್ಲಿ ಅವನು ತನ್ನ ಹುಟ್ಟೂರನ್ನು ಹೇಳಿರುವ ಬಗೆ ಇಂದಿನ ಅಂಚೆಯವನಿಗೂ ಒಪ್ಪುವಂಥದು: ಬೆಳುಗುಲಿ 500, ಅದರೊಳಗೆ ಜಂಬುಖಂಡಿ 70, ಅದರೊಳಗೆ ಮುದುವೊಳಲು. ಜಂಬುಖಂಡಿ ಎಂದರೆ ಇಂದಿನ ಜಮಖಂಡಿ. ಮುದುವೊಳಲು ಎಂದರೆ ಮುಧೋಳ. ರನ್ನನ ಕಾಲಕ್ಕೆ ಒಂದೇ ನಾಡಾಗಿದ್ದ ಇವು ಮುಂದೆ ಬೇರೆ ಬೇರೆ ಅರಸರ ರಾಜಧಾನಿಗಳಾದವು. ಒಂದು ನಾಡು ತುಂಡಾಗಿ ಮತ್ತೆ ಕೂಡಿದ ಬಗೆಯನ್ನು ನೆಲದ ಮೇಲೆಯೇ ನೋಡಬೇಕೆಂಬುದು ನಮ್ಮ ಹಂಚಿಕೆ. ಅದಕ್ಕೆ ಸೈಕಲ್ಲೇ ತಕ್ಕ ವಾಹನ. ಮೋಟಾರಿನಲ್ಲಿ ಕುಳಿತವನಿಗೆ ನೆಲದ ಏರು ತಿಳಿಯದು. ಕಾಲ್ನಡೆಯವನಿಗೆ ಹಗಲು ಸಾಲದು.

ಬೆಳಗು ಹರಿಯುವಾಗ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿದ್ದೆವು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಈ ಸ್ಥಳದಲ್ಲಿ ಈಗ ನದಿಗಳ ದಡಗಳನ್ನು ಗುರುತಿಸುವುದು ಕಷ್ಟ. ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿದೆ. ಕಡಲು ಕಾಣದ ಬಯಲುಸೀಮೆಯವರಿಗೆ ಇದೇ ಕರಾವಳಿ. ಆದರೆ ಈ ಕಡಲಿನ ತಳದಲ್ಲಿ ಹೊಲಗಳಿವೆ, ಊರುಗಳಿವೆ, ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳಿವೆ.

ಬೀಳಗಿ ಅಂದು ಇಂಗ್ರೇಜರ ಮುಲುಕಿಗೆ, ಮುಂಬಯಿ ಇಲಾಖೆಗೆ ಸೇರಿತ್ತು. ಅಲ್ಲಿಂದ ಪಡುವಣಕ್ಕೆ ಹೊರಟರೆ ಯಡಹಳ್ಳಿಯ ಗುಡ್ಡಗಳು ಎದುರಾಗುತ್ತವೆ. ಎತ್ತರದವೇನೂ ಅಲ್ಲ; ಆದರೂ ಎರಡು ಕಡೆ ಇಳಿದು ಸೈಕಲ್ ತಳ್ಳಿಕೊಂಡು ನಡೆದೆವು. ಕುರುಚಲು ಕಾಡು, ಕೆಂಪು ಕಲ್ಲು. ಇಂದು ಇದು ಚಿಂಕಾರಗಳ ಅಭಯಾರಣ್ಯ. ಈ ಸೀಮೆಯ ಹಲಗಲಿ ಮುಧೋಳ ಸಂಸ್ಥಾನದ ಊರಾಗಿತ್ತು. 1857ರಲ್ಲಿ ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಬಂದಾಗ ಇಲ್ಲಿಯ ಬೇಡರು ಒಪ್ಪಲಿಲ್ಲ. ಬೇಟೆಯೂ ಕಾವಲೂ ಕಸುಬಾಗಿದ್ದವರಿಗೆ ಆಯುಧ ಕೊಡುವುದೆಂದರೆ ಅನ್ನವನ್ನೇ ಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ಇಂಗ್ರೇಜರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸುಮಾರು 100 ಮಂದಿ ಸತ್ತರು. ನೂರಾರು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು. ಸಂಸ್ಥಾನದ ಗಡಿ ದಂಡನ್ನು ತಡೆಯಲಿಲ್ಲ. ಹಲಗಲಿಯವರ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಇಂಗ್ರೇಜ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟ್. ಊರ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ. ಇಬ್ಬರಲ್ಲಿ ಯಾರಿಗೂ ಮಾತು ಬೇಕೆನಿಸಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಘಟಪ್ರಭೆಯ ದಂಡೆಯ ಮುಧೋಳವನ್ನು ಮುಟ್ಟಿದೆವು. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು. ಘೋರ್ಪಡೆ ಮನೆತನದ ಈ ಸಂಸ್ಥಾನದ ವಿಸ್ತಾರ 368 ಚದರ ಮೈಲಿ. ಆದರೂ ಅರಸರಿಗೆ 9 ತೋಪುಗಳ ಗೌರವವಿತ್ತು. ನೆರೆಯ ಜಮಖಂಡಿ 524 ಚದರ ಮೈಲಿಯಾಗಿದ್ದೂ ಅದಕ್ಕೆ ಒಂದು ತೋಪೂ ಇರಲಿಲ್ಲ! ಇಂದು ಮುಧೋಳವೆಂದರೆ ಜನ ಬೇಟೆನಾಯಿಯನ್ನು ನೆನೆಯುತ್ತಾರೆ. ಕನ್ನಡ ಓದಿದವರು ರನ್ನನನ್ನು. ಬಳೆಗಾರರ ಮನೆಯ ಹುಡುಗ ವಿದ್ಯೆಗಾಗಿ ಶ್ರವಣಬೆಳಗೊಳದವರೆಗೆ ಹೋದ. ಅವನ ಕಾಲಕ್ಕೆ ಸೈಕಲ್ ಇರಲಿಲ್ಲವೆಂಬುದು ನಮ್ಮ ನೋಯುವ ಮೊಣಕಾಲುಗಳಿಗೆ ತಕ್ಕ ಉತ್ತರವಾಯಿತು.

ಮುಧೋಳದಿಂದ ಜಮಖಂಡಿಗೆ ಸುಮಾರು 20 ಕಿಲೋಮೀಟರು. ಎದುರುಗಾಳಿಯಲ್ಲಿ ಪೆಡಲ್ ತುಳಿಯುತ್ತ, ಎರಡು ಸಂಸ್ಥಾನಗಳ ನಡುವಿನ ಗಡಿ ಎಲ್ಲಿತ್ತೆಂದು ಕಣ್ಣಿಟ್ಟು ನೋಡಿದೆ. ಅದೇ ಕರಿ ಮಣ್ಣು, ಅದೇ ಜೋಳ, ಅದೇ ಕಬ್ಬು. ಪಟವರ್ಧನರ ಒಂದು ಶಾಖೆ ಜಮಖಂಡಿಯಲ್ಲಿ ಬೇರೆಯಾಗಿ ನೆಲೆನಿಂತುದು 1811ರಲ್ಲಿ. ರಾಮತೀರ್ಥದ ಗುಡ್ಡದ ಮೇಲಿನ ಅರಮನೆ ಆ ವೈಭವದ ಗುರುತು. ದರಬಾರಿನ ಭಾಷೆ ಮರಾಠಿ. ಹೊಲದ, ಮಗ್ಗದ, ಮನೆಯ ಭಾಷೆ ಕನ್ನಡ. ಈ ಸಂಸ್ಥಾನದ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು ಇಲ್ಲಿಯೇ ದಿವಾನರಾಗಿ, ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ದೇಶದ ಉಪರಾಷ್ಟ್ರಪತಿಗಳಾದರು.

ಹೊತ್ತು ಇಳಿಯುವಾಗ ಬನಹಟ್ಟಿಯನ್ನು ಹೊಕ್ಕೆವು. ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಓಣಿ ಓಣಿಯಲ್ಲೂ ಮಗ್ಗದ ಸದ್ದು. ಬನಹಟ್ಟಿ ಜಮಖಂಡಿಯದು, ಅದಕ್ಕಂಟಿದ ರಬಕವಿ ಸಾಂಗಲಿ ಸಂಸ್ಥಾನದ್ದು. ಜೋಡಿ ಊರುಗಳ ನಡುವೆ ಎರಡು ರಾಜ್ಯಗಳ ಗೆರೆ! ಚೈನು ಕಳಚಿದ್ದರಿಂದ ಒಂದು ಮನೆಯ ಮುಂದೆ ನಿಂತಾಗ ವೃದ್ಧ ನೇಕಾರರೊಬ್ಬರು ಎಣ್ಣೆ ತಂದುಕೊಟ್ಟರು. ಆ ಗೆರೆಯ ವಿಚಾರ ಕೇಳಿದೆ.

"ನಮ್ಮಪ್ಪ ಹೇಳ್ತಿದ್ದರಿ, ಮಾಸ್ತರ್ರ. ಆ ಕಡೆ ಸಾಂಗ್ಲಿ, ಈ ಕಡೆ ಜಮಖಂಡಿ. ಬೀಗರು ಮಾತ್ರ ಎರಡೂ ಕಡೆ ಇದ್ದರು. ಗಡಿ ಇತ್ತು ಖರೇ, ಮಗ್ಗಕ್ಕ ಅದು ಕಾಣಸ್ತಿದ್ದಿಲ್ಲ," ಎಂದರು. ತುಸು ತಡೆದು, "ಈಗ ಗಡಿ ಹೋತು. ಆದರ ಕೈಮಗ್ಗಾನೂ ಅದರ ಹಿಂದ ಹೊಂಟಾವರಿ. ನನ್ನ ಮಗ ನೇಯೂದಿಲ್ಲ," ಎಂದರು.

ಗಡಿ ಹೋದುದು 1948ರ ಮಾರ್ಚ್ 8ರಂದು. ಅಂದು ಜಮಖಂಡಿ, ಮುಧೋಳ, ಸಾಂಗಲಿ ಮೂರೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ಕ್ಕೆ ಈ ನೆಲ ಕನ್ನಡ ರಾಜ್ಯಕ್ಕೆ ಸೇರಿತು. 1997ರಿಂದ ಬಾಗಲಕೋಟೆ ಜಿಲ್ಲೆಯಾಯಿತು. ಬೀಳಗಿಯಿಂದ ರಬಕವಿಯವರೆಗೆ ನಾವು ತುಳಿದ ದಾರಿಯೆಲ್ಲ ಈಗ ಒಂದೇ ಜಿಲ್ಲೆ. ತೋಪುಗಳು ಅಡಗಿದವು, ರನ್ನನ ವಿಳಾಸ ನಿಂತಿತು.

ಹಾಗೆಂದು ಸಂತೋಷಪಟ್ಟು ಸೈಕಲ್ ಹತ್ತಬಹುದಾಗಿತ್ತು. ಆದರೆ ಆ ಹಿರಿಯರ ಮಾತು ಬಿಡಲಿಲ್ಲ. ಗೆರೆಗಳು ಇದ್ದಾಗಲೂ ಈ ನಾಡನ್ನು ಕೂಡಿಸಿ ಹಿಡಿದದ್ದು ದರಬಾರಲ್ಲ. ಬೀಗತನ, ನುಡಿ ಮತ್ತು ಮಗ್ಗ. ಗಡಿ ಅಳಿಸಿದ್ದನ್ನು ಇತಿಹಾಸವೆಂದು ಪಾಠ ಹೇಳುವ ನಾವು, ಮಗ್ಗ ನಿಲ್ಲುತ್ತಿರುವುದನ್ನು ಯಾವ ಹೆಸರಿನಿಂದ ಹೇಳಬೇಕು?

ಬನಹಟ್ಟಿ ಮುಗಿದು ರಬಕವಿ ಮೊದಲಾದುದು ಕತ್ತಲಲ್ಲಿ ನಮಗೆ ತಿಳಿಯಲೇ ಇಲ್ಲ.