ಅಮೀನಿ ದ್ವೀಪಗಳ ನಿವಾಸಿಗಳೂ ಅವರ ಆಡಳಿತವೂ

ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಡಲ ದಡದಲ್ಲಿಯೇ ಲೇಖನಿಯನ್ನು ನಿಲ್ಲಿಸಿಬಿಡುವರು. ಆದರೆ ಆ ಜಿಲ್ಲೆಯ ಎಲ್ಲೆಯು ೧೭೯೯ನೆಯ ಇಸವಿಯಿಂದ ೧೯೫೬ನೆಯ ಇಸವಿಯವರೆಗೆ, ಎಂದರೆ ನೂರ ಐವತ್ತೇಳು ವರ್ಷಗಳ ಕಾಲ, ಕಡಲಿನಾಚೆಗೂ ಹಬ್ಬಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯ ಶಾಸನವು ದಕ್ಷಿಣ ಕನ್ನಡವನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗ ಕಾಸರಗೋಡು ತಾಲ್ಲೂಕನ್ನೂ ಅಮೀನ್‌ದಿವಿ ದ್ವೀಪಗಳನ್ನೂ ಬಿಟ್ಟು ಉಳಿದುದನ್ನು ಸೇರಿಸಿತು. ಕಾಸರಗೋಡನ್ನು ಕುರಿತು ಕನ್ನಡಿಗರು ಬರೆದುದು ಬಹಳ. ಅದರ ಜೊತೆಯಲ್ಲಿಯೇ ಅದೇ ವಾಕ್ಯದಲ್ಲಿ ಕಳಚಿಹೋದ ದ್ವೀಪಗಳನ್ನು ಕುರಿತು ಬರೆದುದು ಅತ್ಯಲ್ಪ. ಆ ದ್ವೀಪಗಳ ಜನರು ತಮ್ಮನ್ನಾಳುವವರೊಡನೆ ಮೂರು ಬಗೆಯ ಪ್ರಭುತ್ವಗಳ ಕಾಲದಲ್ಲಿ ನಡೆಸಿದ ವಾದವು ಕನ್ನಡ ನಾಡಿನ ಚರಿತ್ರೆಗೆ ಹೊರಗಿನ ವಿಷಯವೆಂದು ಹೇಳಲಾಗುವುದಿಲ್ಲ.

ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳು ಈ ಗುಂಪಿನವು. ಹವಳದ ದಿಬ್ಬದ ಮೇಲೆ ಮರಳು ಕೂಡಿ ಆದ ನೆಲ, ಬೆಟ್ಟವಿಲ್ಲ, ಹೊಳೆಯಿಲ್ಲ. ತೆಂಗು ಒಂದೇ ಫಲ, ಮೀನು ಒಂದೇ ಬೇಟೆ. ಉಣ್ಣುವ ಅಕ್ಕಿಯಾದರೋ ಕಡಲು ದಾಟಿಯೇ ಬರಬೇಕು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲವೂ ಸುಲಭವಾಗಿ ತಿಳಿಯುವುದು; ಏಕೆಂದರೆ ಅಕ್ಕಿಯ ದಾರಿಯನ್ನು ಹಿಡಿದವನೇ ಆ ಜನರ ಒಡೆಯನಾಗುತ್ತಿದ್ದನು. ಜನರು ಆಡುವುದು ಜೆಸರಿ ಎಂಬ ಮಲಯಾಳದ ಒಂದು ಪ್ರಭೇದ, ಮತವು ಇಸ್ಲಾಂ. ಅವರು ಕಡಲು ದಾಟುವ ನಾವೆಗೆ ‘ಓಡಂ’ ಎಂದು ಹೆಸರು; ಇದು ಕನ್ನಡದ ‘ಓಡ’ ಎಂಬ ಶಬ್ದವೇ ಆಗಿರುವುದನ್ನು ಬೇರೆಯಾಗಿ ಸಾಧಿಸಬೇಕಾದುದಿಲ್ಲ.

ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರು ನಾರಿನ ಆಸೆಯಿಂದ ಅಮೀನಿಯಲ್ಲಿ ಬಲಾತ್ಕಾರವಾಗಿ ಇಳಿದರೆಂದೂ ದ್ವೀಪದವರು ಅವರಿಗೆ ವಿಷವಿಕ್ಕಿ ಕೊಂದರೆಂದೂ ಐತಿಹ್ಯವುಂಟು. ಅನಂತರ ದ್ವೀಪಗಳು ಕೋಲತ್ತಿರಿ ಅರಸರಿಂದ ಕಣ್ಣನೂರಿನ ಅರಕ್ಕಲ್ ಮನೆತನಕ್ಕೆ ಬಂದವು. ಈ ಮನೆತನದಲ್ಲಿ ಹಿರಿಯ ವ್ಯಕ್ತಿ ಗಂಡಸಾದರೆ ಅಲಿ ರಾಜನೆಂದೂ ಹೆಂಗಸಾದರೆ ಬೀಬಿ ಎಂದೂ ಕರೆಯಿಸಿಕೊಂಡು ಆಳುವ ಪದ್ಧತಿ. ತೆಂಗಿನ ನಾರಿನ ಹುರಿಯನ್ನು ಒಡೆಯರಿಗಲ್ಲದೆ ಬೇರೆ ಯಾರಿಗೂ ಮಾರಕೂಡದೆಂಬ ಕಟ್ಟನ್ನು ಹದಿನೆಂಟನೆಯ ಶತಮಾನದಲ್ಲಿ ಈ ಮನೆತನದವರು ಬಿಗಿಮಾಡಿದರು. ಹುರಿಗೆ ಬೆಲೆ ಕಟ್ಟುವವನೂ ಕೊಳ್ಳುವವನೂ ಅದಕ್ಕೆ ಬದಲಾಗಿ ಅಕ್ಕಿಯನ್ನು ಅಳೆದು ಕೊಡುವವನೂ ಒಬ್ಬನೇ ಆದ ಮೇಲೆ ಉತ್ಪಾದಕನಿಗೆ ಉಳಿಯುವುದೇನೆಂಬುದು ಊಹ್ಯವಾಗಿದೆ. ಮೇಲ್ವಿಚಾರಣೆಗೆ ಬಂದ ಕಾರ್ಯಕರ್ತರ ಉಪದ್ರವವು ಇದರ ಮೇಲೆ ಬೇರೆ.

ಈ ಸ್ಥಿತಿಯಲ್ಲಿ ಅಮೀನಿಯ ಜನರು ಮಾಡಿದ ಕಾರ್ಯವು ವಿಚಾರಾರ್ಹವಾದುದು. ಅವರು ಆಯುಧವನ್ನು ಹಿಡಿದು ಕಣ್ಣನೂರಿನ ಮೇಲೆ ಹೋಗಲಿಲ್ಲ. ಕಡಲು ದಾಟಿ ಟೀಪು ಸುಲ್ತಾನನನ್ನು ಕಂಡು ತಮ್ಮ ದ್ವೀಪಗಳನ್ನು ಅವನೇ ವಹಿಸಿಕೊಳ್ಳಬೇಕೆಂದು ಬೇಡಿಕೊಂಡರು. ಸುಲ್ತಾನನು ಒಪ್ಪಿ, ಚಿರಕ್ಕಲ್ ಸೀಮೆಯ ಭೂಮಿಯಲ್ಲಿ ಬೀಬಿಗೆ ಜಹಗೀರನ್ನು ಕೊಟ್ಟು, ಈ ಐದು ದ್ವೀಪಗಳನ್ನು ತನ್ನ ಮಂಗಳೂರು ಸೀಮೆಗೆ ಸೇರಿಸಿಕೊಂಡನು. ಇದು ನಡೆದ ಕಾಲವನ್ನು ಕೆಲವರು ೧೭೮೩ ಎಂದೂ ಕೆಲವರು ೧೭೮೬-೮೭ ಎಂದೂ ಬರೆದಿರುವರು. ೧೭೮೩ನೆಯ ಮೇ ತಿಂಗಳಿಂದ ಮುಂದಿನ ವರ್ಷದ ಆರಂಭದವರೆಗೆ ಟೀಪುವು ಸ್ವತಃ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದನು. ಅಂಥ ಸಮಯದಲ್ಲಿ ದ್ವೀಪಗಳ ವ್ಯವಹಾರವು ಇತ್ಯರ್ಥವಾಯಿತೆಂಬುದು ಅಷ್ಟಾಗಿ ಹೊಂದುವುದಿಲ್ಲ. ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವಾಗಿ ಕರಾವಳಿಯು ಶಾಂತವಾದ ತರುವಾಯದ ಕಾಲವೇ ಈ ವಿಜ್ಞಾಪನೆಗೆ ಹೆಚ್ಚು ಸಲ್ಲುವುದು. ಮೊದಲ ನಿಯೋಗವು ೧೭೮೩ರಲ್ಲಿಯೇ ಹೊರಟು ಕಾರ್ಯಸಿದ್ಧಿಯು ನಾಲ್ಕು ವರ್ಷಗಳ ಮೇಲೆ ಆಗಿರಲೂಬಹುದು. ಅರ್ಜಿಗಳ ಗತಿ ಎಲ್ಲ ಕಾಲದಲ್ಲಿಯೂ ಅಂಥದೇ.

ಇದನ್ನು ಮತದ ಅಭಿಮಾನದಿಂದ ಆದ ಕಾರ್ಯವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಬಿಟ್ಟ ಒಡೆಯರೂ ಹಿಡಿದ ಒಡೆಯನೂ ಒಂದೇ ಮತದವರು. ದ್ವೀಪದವರು ಒಡೆಯನನ್ನು ಬದಲಾಯಿಸಿದುದು ಹುರಿಯ ಬೆಲೆಗಾಗಿ, ಅಕ್ಕಿಯ ಅಳತೆಗಾಗಿ.

ಅವರ ಆಸೆ ಫಲಿಸಿತೇ ಎಂದರೆ, ಪೂರ್ತಿಯಾಗಿ ಫಲಿಸಲಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳಲು ದ್ವೀಪಗಳು ಕಂಪನಿಯ ಕೈಸೇರಿ ಮಂಗಳೂರಿನ ಕಲೆಕ್ಟರನ ಅಧೀನವಾದವು. ಕಂಪನಿಯವರು ಹುರಿಯ ಕಟ್ಟನ್ನು ಬಿಡಲಿಲ್ಲ. ಓಡಗಳು ಮಂಗಳೂರಿನ ಬಂದರಿಗೆ ಬಂದು ಹುರಿಯನ್ನು ಸರ್ಕಾರಕ್ಕೆ ಒಪ್ಪಿಸಿ, ಗೊತ್ತಾದ ದರದ ಮೇಲೆ ಸ್ವಲ್ಪ ಹಣವನ್ನೂ ಸ್ವಲ್ಪ ಅಕ್ಕಿಯನ್ನೂ ಪಡೆದು ಹಿಂದಿರುಗುತ್ತಿದ್ದವು. ಅಮೀನಿಯಲ್ಲಿ ‘ಮೊನೆಗಾರ’ನೆಂಬ ಅಧಿಕಾರಿಯನ್ನು ನಿಯಮಿಸಿದರು. ಈ ಶಬ್ದವು ತಮಿಳಿನ ಮಣಿಯಕಾರನಿಗೂ ಕನ್ನಡದ ಮಣೆಗಾರನಿಗೂ ದಾಯಾದಿ. ಹಳಗನ್ನಡದಲ್ಲಿ ‘ಮಣಿಹ’ ಎಂದರೆ ಅಧಿಕಾರದ ಕೆಲಸ. ಘಟ್ಟದ ಕೆಳಗೆ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಹೆಸರು ಕಡಲಿನ ನಡುವೆ ನ್ಯಾಯಾಧಿಕಾರವನ್ನೂ ಪಡೆದುಕೊಂಡಿತು. ಆದರೂ ಮೊನೆಗಾರನು ಊರ ಹಿರಿಯರ ಕೂಟವನ್ನು ಬಿಟ್ಟು ನಡೆಯುವಂತಿರಲಿಲ್ಲ. ತೆಂಗಿನ ಎಳೆಗಾಯಿಗಳನ್ನು ಕೊರೆಯುವ ಇಲಿಗಳ ಬೇಟೆಗೆ ಸಹ ಕೂಟವು ಸೇರಬೇಕು, ಗಂಡಸರು ಹೊರಡಬೇಕು. ಇಲಿಬೇಟೆ ಎಂದರೆ ನಗು ಬರಬಹುದು. ಆದರೆ ಎಲ್ಲರ ಬದುಕೂ ಒಂದೇ ಮರವನ್ನು ಆಶ್ರಯಿಸಿರುವ ಊರಿನಲ್ಲಿ ಸ್ಥಳೀಯ ಆಡಳಿತದ ಮೊದಲ ಕರ್ತವ್ಯವು ಅದೇ ಆಗಿದ್ದಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಕೂಟದಲ್ಲಿ ಎಲ್ಲರಿಗೂ ಸಮಾನವಾದ ಸ್ಥಾನವಿರಲಿಲ್ಲ. ಭೂಮಿಯೂ ಓಡಗಳೂ ಕೋಯ ಎಂಬ ವರ್ಗದವರವು, ಮಾಲ್ಮಿಗಳು ನಾವಿಕರು, ಮರವನ್ನು ಹತ್ತುವ ಮೇಲಾಚೇರಿಗಳಿಗೆ ದುಡಿಮೆಯಲ್ಲದೆ ಮಾತಿನ ಅಧಿಕಾರವಿರಲಿಲ್ಲ. ‘ದ್ವೀಪದ ಜನರು ಬೇಡಿದರು’ ಎಂದು ಹಳೆಯ ಬರಹಗಳು ಹೇಳುವಲ್ಲೆಲ್ಲ ‘ದ್ವೀಪದ ಹಿರಿಯ ಮನೆಗಳವರು ಬೇಡಿದರು’ ಎಂದು ಓದಿಕೊಳ್ಳುವುದು ಸತ್ಯಕ್ಕೆ ಹತ್ತಿರ.

ಕಣ್ಣನೂರಿಗೆ ಉಳಿದಿದ್ದ ದಕ್ಷಿಣದ ದ್ವೀಪಗಳ ಕಥೆ ಬೇರೆ. ೧೮೪೭ರ ಏಪ್ರಿಲಿನ ಚಂಡಮಾರುತವು ಕಲ್ಪೇನಿ, ಆಂದ್ರೋತ್ ದ್ವೀಪಗಳನ್ನು ಹಾಳುಮಾಡಿತು. ಪರಿಹಾರಕ್ಕೆ ಕಂಪನಿಯಿಂದ ತಂದ ಸಾಲವು ಬೆಳೆದು, ೧೮೫೪ರಲ್ಲಿ ಒಮ್ಮೆಯೂ ೧೮೭೫ರಲ್ಲಿ ಮತ್ತೊಮ್ಮೆಯೂ ದ್ವೀಪಗಳು ಜಪ್ತಿಯಾಗಿ, ೧೯೦೮ರಲ್ಲಿ ಅಲಿ ರಾಜನ ಹಕ್ಕು ಸಂಪೂರ್ಣವಾಗಿ ತೀರಿಹೋಯಿತು. ಆ ದ್ವೀಪಗಳಲ್ಲಿ ‘ಪಂಡಾರ’ ಭೂಮಿ ಎಂಬುದೊಂದುಂಟು. ಭಾಂಡಾಗಾರ ಶಬ್ದದ ತದ್ಭವ, ಎಂದರೆ ಬೊಕ್ಕಸಕ್ಕೆ ಸೇರಿದ ನೆಲ. ಅದನ್ನು ತಲೆಮಾರುಗಳಿಂದ ಸಾಗುಮಾಡಿದವರದೋ ಸರ್ಕಾರದ್ದೋ ಎಂಬ ವ್ಯಾಜ್ಯವು ೨೦೨೪ರಲ್ಲಿಯೂ ಕೇರಳದ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತು.

೧೯೫೬ರ ನವೆಂಬರು ೧ರಂದು ಎರಡು ಗುಂಪುಗಳೂ ಮಿನಿಕಾಯ್ ದ್ವೀಪವೂ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ೧೯೭೩ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂದಿತು. ಈ ಪ್ರದೇಶಕ್ಕೆ ಶಾಸನಸಭೆಯಿಲ್ಲ. ಸಂವಿಧಾನದ ೨೪೦ನೆಯ ಅನುಚ್ಛೇದದಂತೆ ರಾಷ್ಟ್ರಪತಿಯವರ ಹೆಸರಿನಲ್ಲಿ ನಿಬಂಧನೆಗಳಾಗುವುವು. ದಿನದಿನದ ಕಾರ್ಯವು ಆಡಳಿತಾಧಿಕಾರಿಯ ಕೈಯಲ್ಲಿರುವುದು. ಜನರ ಪಾಲಿಗೆ ಲೋಕಸಭೆಯಲ್ಲಿ ಒಂದು ಸ್ಥಾನ, ಮತ್ತು ೧೯೯೪ರ ನಿಬಂಧನೆಯಿಂದ ಬಂದ ಪಂಚಾಯತಿಗಳು. ೨೦೧೧ರ ಗಣತಿಯಂತೆ ಜನಸಂಖ್ಯೆ ೬೪,೪೭೩. ನೆಲ ಸುಮಾರು ೩೨ ಚದರ ಕಿಲೋಮೀಟರು.

೨೦೨೦ರ ಡಿಸೆಂಬರಿನಲ್ಲಿ ಪ್ರಫುಲ್ ಖೋಡಾ ಪಟೇಲರು ಆಡಳಿತಾಧಿಕಾರಿಗಳಾದರು. ಮರುವರ್ಷ ಮಾರ್ಚಿ ತಿಂಗಳ ಕೊನೆಯಲ್ಲಿ ‘ಲಕ್ಷದ್ವೀಪ ಅಭಿವೃದ್ಧಿ ಪ್ರಾಧಿಕಾರ ನಿಬಂಧನೆ, ೨೦೨೧’ ಎಂಬುದರ ಕರಡು ಪ್ರಕಟವಾಗಿ, ಆಕ್ಷೇಪಣೆಗಳಿಗೆ ಕೆಲವೇ ವಾರಗಳ ಅವಧಿ ದೊರೆಯಿತು. ಅದು ಮಹಾಮಾರಿಯ ಎರಡನೆಯ ಅಲೆಯು ಏಳುತ್ತಿದ್ದ ಸಮಯ. ಮಲಯಾಳವನ್ನು ಓದುವ ಜನರ ಮುಂದೆ ಇಂಗ್ಲಿಷಿನ ಕರಡನ್ನಿಟ್ಟರೆಂಬುದು ದ್ವೀಪದವರ ದೂರುಗಳಲ್ಲೊಂದು. ಕರಡಿನಂತೆ ಯಾವ ಪ್ರದೇಶವನ್ನಾದರೂ ಯೋಜನಾಪ್ರದೇಶವೆಂದು ಸಾರಬಹುದು, ವಿನ್ಯಾಸವು ಕೆಟ್ಟುದೆಂದಾಗಲಿ ಹಳತಾದುದೆಂದಾಗಲಿ ಹೇಳಿ ಮನೆಮಾರುಗಳನ್ನು ತೆರವುಮಾಡಿಸಬಹುದು, ಭೂಮಿಯನ್ನು ವಶಪಡಿಸಿಕೊಳ್ಳಬಹುದು. ಅಭಿವೃದ್ಧಿ ಎಂಬ ಶಬ್ದದ ಲಕ್ಷಣದಲ್ಲಿ ಗಣಿಯನ್ನು ತೋಡುವುದೂ ಗುಡ್ಡವನ್ನು ಕಡಿಯುವುದೂ ಸೇರಿದ್ದವು. ಯೋಜನೆಯ ಅಂಗಗಳಲ್ಲಿ ರಾಷ್ಟ್ರೀಯ ಹೆದ್ದಾರಿಯೂ ರೈಲುದಾರಿಯೂ ಟ್ರಾಮುದಾರಿಯೂ ಎಣಿಸಲ್ಪಟ್ಟಿದ್ದವು. ಗುಡ್ಡವೇ ಇಲ್ಲದ ದ್ವೀಪದಲ್ಲಿ ಗುಡ್ಡವನ್ನು ಕಡಿಯುವ ವಿಧಿ! ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇಂಥ ಪಾಠವು ಯಾವ ಮಾತೃಕೆಯಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ಮುಖ್ಯಭೂಮಿಯ ಪಟ್ಟಣಗಳಿಗಾಗಿ ರಚಿತವಾದ ಶಾಸನದ ಪ್ರತಿಯನ್ನು ಲಿಪಿಕಾರನು ಸ್ಥಳವನ್ನು ನೋಡದೆ ನಕಲುಮಾಡಿದಂತೆ ಕಾಣುತ್ತದೆ.

ಅದೇ ವಸಂತದಲ್ಲಿ ದಡದ ಮೇಲೆ ಬಲೆಗಳನ್ನೂ ದೋಣಿಗಳನ್ನೂ ಇಡುವ ಬೆಸ್ತರ ಚಪ್ಪರಗಳನ್ನು ಕರಾವಳಿಯ ಕಟ್ಟಳೆಗೆ ವಿರೋಧವೆಂದು ಕೆಡವಲಾಯಿತು. ಮೇ ೫ರ ಆಜ್ಞೆಯಿಂದ ವಿದ್ಯೆ, ಆರೋಗ್ಯ, ಕೃಷಿ, ಪಶುಪಾಲನೆ, ಮೀನುಗಾರಿಕೆ ಎಂಬ ಐದು ಇಲಾಖೆಗಳು ಜಿಲ್ಲಾ ಪಂಚಾಯತಿಯ ಕೈಯಿಂದ ಆಡಳಿತದ ಕೈಗೆ ಹಿಂದಿರುಗಿದವು. ಕರಡಿಗಿಂತಲೂ ಈ ಎರಡು ಕಾರ್ಯಗಳೇ ಜನರನ್ನು ಹೆಚ್ಚಾಗಿ ಕಲಕಿದವೆಂದು ತೋರುವುದು. ಕರಡು ನಾಳಿನ ಭಯ, ಚಪ್ಪರವು ಕಣ್ಣೆದುರಿನ ನಷ್ಟ.

ಆಡಳಿತದ ಪಕ್ಷವನ್ನೂ ಹೇಳಬೇಕು. ನೆರೆಯ ಮಾಲ್ದೀವ್ ದ್ವೀಪಗಳು ಪ್ರವಾಸಿಗಳಿಂದ ಸಂಪನ್ನವಾಗಿರಲು ಲಕ್ಷದ್ವೀಪವು ಹಿಂದುಳಿಯಬೇಕೇಕೆಂಬುದು ಅವರ ವಾದ. ಆಸ್ಪತ್ರೆ, ಹಡಗು, ಉದ್ಯೋಗ ಇವು ಸಾಲದೆಂಬುದನ್ನು ದ್ವೀಪದವರೂ ಒಪ್ಪುವರು. ವಾದವಿದ್ದುದು ಅಭಿವೃದ್ಧಿ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ. ನೆಲದ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬುದರಲ್ಲಿ. ಇದಕ್ಕೆ ಮೊದಲು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ನ್ಯಾಯಮೂರ್ತಿ ರವೀಂದ್ರನ್ ಅವರ ಸಮಿತಿಯನ್ನು ನೇಮಿಸಿ, ದ್ವೀಪದ್ವೀಪಕ್ಕೂ ಸಮಗ್ರ ನಿರ್ವಹಣೆಯ ಯೋಜನೆಯನ್ನು ಪರಿಶೀಲಿಸುವಂತೆ ಮಾಡಿದ್ದಿತು. ಸ್ಥಳೀಯ ಪಂಚಾಯತಿಗಳ ಅಭಿಪ್ರಾಯಕ್ಕೆ ಅದರಲ್ಲಿ ಎಡೆಯಿದ್ದಿತು. ಧರ್ಮಶಾಸ್ತ್ರದ ವ್ಯವಹಾರಪದಗಳಲ್ಲಿ ‘ಸಂವಿದ್ವ್ಯತಿಕ್ರಮ’ ಎಂಬುದು ಒಂದು: ಊರವರೂ ಗಣದವರೂ ಮಾಡಿಕೊಂಡ ಸಮಯವನ್ನು ಮೀರುವ ಅಪರಾಧ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇದನ್ನು ವಿಸ್ತಾರವಾಗಿ ವಿಚಾರಿಸಿರುವನು. ಊರಿನ ಸಮಯವನ್ನು ರಾಜನೂ ಕಾಪಾಡಬೇಕೆಂಬುದು ಅಲ್ಲಿಯ ಸಿದ್ಧಾಂತ.

ದ್ವೀಪದವರು ಹಿಡಿದ ದಾರಿ ಪೂರ್ವಿಕರದೇ. ಅರ್ಜಿಗಳು ಕಡಲು ದಾಟಿ ಕೊಚ್ಚಿಯ ಉಚ್ಚ ನ್ಯಾಯಾಲಯಕ್ಕೆ ಹೋದವು. ನ್ಯಾಯಾಲಯವು ಮೇ ತಿಂಗಳ ಕೊನೆಯಲ್ಲಿ ಕರಡಿಗೆ ತಡೆಯನ್ನು ಕೊಡದೆ ಸರ್ಕಾರದ ಉತ್ತರವನ್ನು ಕೇಳಿತು. ಮೇ ೩೧ರಂದು ಕೇರಳದ ಶಾಸನಸಭೆಯು ದ್ವೀಪದವರ ಪರವಾಗಿ ಒಮ್ಮತದ ನಿರ್ಣಯವನ್ನು ಮಾಡಿತು. ಜೂನ್ ೭ರಂದು ವಸತಿಯಿರುವ ದ್ವೀಪಗಳ ಜನರು ಅಂಗಡಿಗಳನ್ನು ಮುಚ್ಚಿ ಹನ್ನೆರಡು ಗಂಟೆಗಳ ಕಾಲ ಉಪವಾಸವಿದ್ದರು. ಮಹಾಮಾರಿಯ ನಿರ್ಬಂಧವಿದ್ದುದರಿಂದ ಬಯಲಿನಲ್ಲಿ ಸೇರದೆ ತಮ್ಮತಮ್ಮ ಮನೆಯಂಗಳದಲ್ಲಿ ಫಲಕಗಳನ್ನು ಹಿಡಿದು ಕುಳಿತರು. ಕೆಲವರು ಕಡಲಿನ ನೀರಿನೊಳಗೆ ಮುಳುಗಿ ಫಲಕವನ್ನು ಹಿಡಿದರು.

ಈ ಗಲಭೆಯ ನಡುವೆ ಮಂಗಳೂರಿನ ಹೆಸರು ಎರಡು ಬಾರಿ ಬಂದಿತು. ದ್ವೀಪಗಳ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿನ ಬಂದರಿಗೆ ತಿರುಗಿಸಲು ಆಡಳಿತವು ಮುಂದಾಯಿತು. ನ್ಯಾಯದ ಅಧಿಕಾರವ್ಯಾಪ್ತಿಯನ್ನು ಕೇರಳದ ಉಚ್ಚ ನ್ಯಾಯಾಲಯದಿಂದ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸುವರೆಂಬ ವಾರ್ತೆಯೂ ಜೂನ್ ತಿಂಗಳಲ್ಲಿ ಹರಡಿತು. ಎರಡನೆಯದನ್ನು ದ್ವೀಪಗಳ ಕಲೆಕ್ಟರರು ನಿರಾಕರಿಸಿದರು. ಅಮೀನಿಯ ಹಿರಿಯರಿಗೆ ಮಂಗಳೂರಿನ ದಾರಿ ಹೊಸದಲ್ಲ. ಅವರ ಅಜ್ಜಂದಿರು ಹುರಿಯನ್ನು ಹೊತ್ತು ಬಂದುದು ಅಲ್ಲಿಗೇ. ಆದರೆ ತಾವಾಗಿ ಒಡೆಯನನ್ನು ಹುಡುಕಿಕೊಂಡು ಹೋಗುವುದಕ್ಕೂ ತಮ್ಮನ್ನು ಕೇಳದೆ ಬೇರೆ ಬಾಗಿಲಿಗೆ ಕಳುಹಿಸಲ್ಪಡುವುದಕ್ಕೂ ಭೇದವುಂಟು. ಈ ಭೇದವನ್ನು ಅವರು ೨೦೨೧ರಲ್ಲಿ ಬಲವಾಗಿಯೇ ಹೇಳಿದರು.

ಐದು ದ್ವೀಪಗಳಲ್ಲಿ ಕಿರಿದಾದುದು ಬಿತ್ರ. ಅದು ಬಹುಕಾಲ ಕಡಲಹಕ್ಕಿಗಳು ಮೊಟ್ಟೆಯಿಡುವ ನೆಲೆಯಾಗಿದ್ದು, ೧೯೪೫ರ ಸುಮಾರಿಗೆ, ಎಂದರೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗಲೇ, ಚೆತ್ಲತಿನವರು ಹೋಗಿ ಅಲ್ಲಿ ನೆಲೆಸಿದರು. ೨೦೧೧ರಲ್ಲಿ ಅದರ ಜನರು ೨೭೧. ೨೦೨೫ರ ಜುಲೈಯಲ್ಲಿ ಈ ದ್ವೀಪವನ್ನು ಸಂಪೂರ್ಣವಾಗಿ ದೇಶರಕ್ಷಣೆಯ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಸಲುವಾಗಿ, ೨೦೧೩ರ ಭೂಸ್ವಾಧೀನ ಶಾಸನದಂತೆ, ಸಾಮಾಜಿಕ ಪರಿಣಾಮದ ವಿಚಾರಣೆಗೆ ಆಡಳಿತವು ಪ್ರಕಟಣೆಯನ್ನು ಹೊರಡಿಸಿತು. ಪಂಚಾಯತಿಗಳು ಕಾರ್ಯನಡೆಸದಿರುವ ಸಮಯದಲ್ಲಿ, ಜನರೊಡನೆ ಆಲೋಚಿಸದೆ ಈ ಪ್ರಕಟಣೆ ಹೊರಟಿತೆಂದು ದ್ವೀಪಗಳ ಲೋಕಸಭಾ ಸದಸ್ಯರು ಆಕ್ಷೇಪಿಸಿದರು. ಚೆತ್ಲತಿನಿಂದ ಮೊದಲು ಬಂದವರ ಮಕ್ಕಳೂ ಮೊಮ್ಮಕ್ಕಳೂ ಆ ಆಕ್ಷೇಪಣೆಗೆ ದನಿಗೂಡಿಸಿದರು.