ಹಗುರ ಮೈಯ ಜಾಡು: ಸೌರ ರೇಸಿನಿಂದ ಬೆಂಗಳೂರಿನ ರೇವಾವರೆಗೆ

ಬೆಂಗಳೂರಿನ ಕೊಡಿಗೇಹಳ್ಳಿಯಿಂದ ಬಳ್ಳಾರಿ ರಸ್ತೆ ದಾಟಿದರೆ ಜಕ್ಕೂರು ವಿಮಾನ ಕ್ಷೇತ್ರ. ಉತ್ತರಕ್ಕೆ ಹೋದರೆ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿರುವ ಯಲಹಂಕ ವಾಯುನೆಲೆ. ನಾರು ಮತ್ತು ರೆಸಿನ್ ಸೇರಿದ ಹಗುರ ವಸ್ತುವಾದ ಕಾಂಪೋಸಿಟ್ ಎಂದೊಡನೆ ಈ ಭಾಗದಲ್ಲಿ ವಿಮಾನ ನೆನಪಾಗುವುದು ಸಹಜ. ಆದರೆ ಹಗುರ ವಸ್ತುಗಳ ಚರಿತ್ರೆಯಲ್ಲಿ ಬೆಂಗಳೂರಿಗೆ ಇನ್ನೊಂದು ಎಳೆಯೂ ಉಂಟು. ಅದು ಸೌರ ಕಾರುಗಳ ರೇಸಿನಿಂದ ಬಂದದ್ದು. ರೇವಾ ಎಂಬ ವಿದ್ಯುತ್ ಕಾರಿನ ಮೈಕಟ್ಟನ್ನು ಆ ಎಳೆ ಹಿಡಿದು ನೋಡಿದರೇ ಸರಿಯಾಗಿ ತಿಳಿಯುತ್ತದೆ ಎಂಬುದು ನನ್ನ ವಾದ.

ಸೌರ ರೇಸಿನ ಹುಟ್ಟೇ ವಿಮಾನದವರ ಕೈಯಲ್ಲಾಯಿತು ಎನ್ನಬಹುದು. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿ.ಮೀ. ನಡೆದ ಮೊದಲ ವಿಶ್ವ ಸೌರ ಸ್ಪರ್ಧೆಯನ್ನು ಜನರಲ್ ಮೋಟಾರ್ಸ್‌ನ ಸನ್‌ರೇಸರ್ ಗಂಟೆಗೆ ಸರಾಸರಿ 66.9 ಕಿ.ಮೀ. ವೇಗದಲ್ಲಿ ಗೆದ್ದಿತು. ಅದರ ವಿನ್ಯಾಸದಲ್ಲಿ ಪಾಲ್ ಮೆಕ್ರೆಡಿಯವರ ಏರೋವೈರನ್‌ಮೆಂಟ್ ಸಂಸ್ಥೆಯಿತ್ತು. 1981ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಸೌರ ವಿಮಾನವನ್ನು ಕಟ್ಟಿದ್ದೂ ಅದೇ ಸಂಸ್ಥೆ. ಸನ್‌ರೇಸರ್‌ನ ಒಳಗೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಹೊರಗೆ ಕೆವ್ಲಾರ್ ಪದರಗಳ ನಡುವೆ ನೋಮೆಕ್ಸ್ ಜೇನುಗೂಡು ಹಲಗೆಯಿಟ್ಟ ಮೈ.

ತೂಕದ ಮೇಲೆ ಇಷ್ಟು ಹಟ ಏಕೆ? ಚಿಕ್ಕ ಲೆಕ್ಕ ಸಾಕು. ಚಾಲಕ ಸೇರಿ 250 ಕೆ.ಜಿ. ತೂಗುವ ಕಾರು ಗಂಟೆಗೆ 72 ಕಿ.ಮೀ. ಓಡುತ್ತಿದೆ, ಚಕ್ರದ ಉರುಳು ಘರ್ಷಣೆಯ ಗುಣಾಂಕ 0.005 ಎಂದಿಟ್ಟುಕೊಳ್ಳೋಣ. ಆ ಘರ್ಷಣೆಯೊಂದಕ್ಕೇ ಸುಮಾರು 245 ವ್ಯಾಟ್ ಬೇಕು. ತೂಕ ಇಮ್ಮಡಿಯಾದರೆ 490 ವ್ಯಾಟ್. ನಡುಹಗಲಲ್ಲೂ ಒಂದೂವರೆ ಕಿಲೋವ್ಯಾಟ್ ಆಸುಪಾಸಿನಲ್ಲೇ ಸಂಸಾರ ನಡೆಸುವ ಕಾರಿಗೆ ಇದು ಗೆಲುವು ಸೋಲಿನ ಪ್ರಶ್ನೆ. ಜೇನುಗೂಡು ಹಲಗೆ ಇಲ್ಲೇ ನೆರವಿಗೆ ಬರುತ್ತದೆ. ಎರಡು ತೆಳು ಪದರಗಳ ನಡುವಿನ ಅಂತರ ಇಮ್ಮಡಿಯಾದರೆ ಬಾಗದಿರುವ ಶಕ್ತಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ತೂಕ ಮಾತ್ರ ಅಲ್ಪಸ್ವಲ್ಪ ಏರುತ್ತದೆ.

ಸನ್‌ರೇಸರ್ ಬಂದ ವರ್ಷಗಳಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ (ಎನ್‌ಎಎಲ್) ಈ ವಿದ್ಯೆಯನ್ನು ಪಳಗಿಸಿಕೊಳ್ಳುತ್ತಿತ್ತು. ಗಾಜಿನ ನಾರಿನ ಕಾಂಪೋಸಿಟ್ ಮೈಯ ಅದರ ಎರಡಾಸನದ ಹಂಸ ವಿಮಾನ 1993ರ ನವೆಂಬರ್‌ನಲ್ಲಿ ಹಾರಿತು. ತೇಜಸ್ ಯುದ್ಧವಿಮಾನದ ಬಾಲದ ಲಂಬ ರೆಕ್ಕೆ ಮತ್ತು ರಡ್ಡರ್ ಅಲ್ಲಿಯೇ ಕಾರ್ಬನ್ ಫೈಬರ್‌ನಲ್ಲಿ ರೂಪುಗೊಂಡವು. ಈ ಕೆಲಸದ ತಾಳ್ಮೆ ಅಸಾಧಾರಣವಾದದ್ದು. ರೆಸಿನ್ ತುಂಬಿದ ಬಟ್ಟೆಯನ್ನು ಶೀತಲ ಪೆಟ್ಟಿಗೆಯಿಂದ ತೆಗೆದು, ಅಚ್ಚಿನ ಮೇಲೆ ಪದರಕ್ಕೊಂದು ದಿಕ್ಕಿನಂತೆ ಹಾಸಿ, ಕೈಯಿಂದ ತೀಡಿ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಅಂಚು ಮುಚ್ಚಿ, ಪಂಪಿನಿಂದ ಗಾಳಿ ಎಳೆಯಬೇಕು. ಆಮೇಲೆ ಆಟೋಕ್ಲೇವ್‌ನಲ್ಲಿ ಒತ್ತಡದೊಂದಿಗೆ ಗಂಟೆಗಟ್ಟಲೆ ಕಾಯಿಸಬೇಕು. ಒಂದು ಗಾಳಿಗುಳ್ಳೆ ಉಳಿದರೂ ಪದರಗಳು ಬಿಡಿಸಿಕೊಳ್ಳುವ ಅಪಾಯವಿದೆ.

ಎರಡನೆಯ ಎಳೆ ಚೇತನ್ ಮೈನಿಯವರದು. ಬೆಂಗಳೂರಿನ ಈ ಯುವಕ ವಿದ್ಯಾರ್ಥಿಯಾಗಿದ್ದಾಗ ಮಿಶಿಗನ್ ವಿಶ್ವವಿದ್ಯಾಲಯದ ಸೌರ ಕಾರು ತಂಡದಲ್ಲಿದ್ದರು. ಆ ತಂಡದ ಸನ್‌ರನ್ನರ್ 1990ರಲ್ಲಿ ಅಮೆರಿಕದ ಸನ್‌ರೇಸ್ ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಮೂರನೆಯ ಸ್ಥಾನ ಪಡೆಯಿತು. 1994ರಲ್ಲಿ ಅವರ ಕುಟುಂಬದ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ ಕಟ್ಟಿದ ಸಂಸ್ಥೆ 2001ರಲ್ಲಿ ರೇವಾವನ್ನು ಮಾರುಕಟ್ಟೆಗೆ ತಂದಿತು.

ರೇವಾದ ಹೊರಮೈ ಕಾಂಪೋಸಿಟ್ ಅಲ್ಲ, ಎಬಿಎಸ್ ಪ್ಲಾಸ್ಟಿಕ್. ಇದನ್ನು ಅಗ್ಗದ ರಾಜಿ ಎಂದು ತಳ್ಳಿಹಾಕುವುದು ತಪ್ಪು. ಒಳಗೆ ಭಾರ ಹೊರುವ ಉಕ್ಕಿನ ಕೊಳವೆ ಚೌಕಟ್ಟು, ಹೊರಗೆ ಹಗುರ ಹೊದಿಕೆ: ಕೆಲಸದ ಈ ಹಂಚಿಕೆ ಸನ್‌ರೇಸರ್‌ನಲ್ಲಿ ಕಂಡದ್ದೇ. ಒಂದೊಂದು ಮೈಗೆ ದಿನಗಟ್ಟಲೆ ಕೈಕೆಲಸ ಬೇಡುವ ವಿದ್ಯೆ ರೇಸಿಗೆ ಸರಿ, ಸಾಲುಸಾಲಾಗಿ ಕಾರು ತಯಾರಿಸುವ ಕಾರ್ಖಾನೆಗೆ ದುಬಾರಿ. ಹಾಗಾಗಿ ವಸ್ತು ಬದಲಾಯಿತು, ರಚನೆಯ ವಿಚಾರ ಉಳಿಯಿತು. ಇದೇ ಕಾರು ಲಂಡನ್ನಿನಲ್ಲಿ ಜೀ-ವಿಜ್ ಎಂಬ ಹೆಸರಿನಲ್ಲಿ ಕ್ವಾಡ್ರಿಸೈಕಲ್ ಎಂಬ ಹಗುರ ನಾಲ್ಕುಚಕ್ರದ ವಾಹನ ವರ್ಗದಡಿ ಓಡಿತು. ಬ್ಯಾಟರಿ ಬಿಟ್ಟು 400 ಕೆ.ಜಿ. ಮೀರಬಾರದೆಂಬುದು ಆ ವರ್ಗದ ಆಗಿನ ನಿಯಮವಾಗಿತ್ತು.

ಹೀಗೆ ಮೈಯಲ್ಲಿ ಉಳಿಸಿದ ತೂಕವನ್ನು ಎಂಟು ಸೀಸ-ಆಮ್ಲ ಬ್ಯಾಟರಿಗಳು ತಿಂದುಹಾಕಿದವು. ಸನ್‌ರೇಸರ್‌ಗೆ ಬೆಳ್ಳಿ-ಸತುವಿನ ದುಬಾರಿ ಬ್ಯಾಟರಿ ದಕ್ಕಿತ್ತು. ಮಧ್ಯಮ ವರ್ಗದವರು ಕೊಳ್ಳಬೇಕಾದ ಕಾರಿಗೆ ಆ ಅನುಕೂಲವಿರಲಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದದ್ದು 2009ರಲ್ಲಿ, ಮಹೀಂದ್ರಾ ಆ ಕಂಪನಿಯನ್ನು ಕೊಳ್ಳುವ ಹಿಂದಿನ ವರ್ಷ.