ಬೇಗೂರು ಸೀಮೆಯ ವಿದ್ಯೆ, ಆರೋಗ್ಯ ಮತ್ತು ಬಡತನ

ನಮ್ಮ ದೇವಾಲಯದ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆಯುತ್ತಿದ್ದಾರೆ. ಈ ಸೀಮೆಯ ಜನರು ಏನನ್ನು ಉಂಡರು, ಯಾವ ರೋಗಗಳಿಂದ ನರಳಿದರು, ಅಕ್ಷರವನ್ನು ಎಷ್ಟರಮಟ್ಟಿಗೆ ಕಂಡರು ಎಂಬುದೂ ಚರಿತ್ರೆಯೇ ಎಂದು ಬಗೆದು, ನಾವು ಆ ವಿಷಯವಾಗಿ ಕೆಲವು ಮಾತುಗಳನ್ನು ಬಾಂಧವರ ಮುಂದಿಡುತ್ತಿದ್ದೇವೆ.

ಬೇಗೂರು ಹೆದ್ದಾರಿಯ ಊರು. ಉದಕಮಂಡಲಕ್ಕೂ ಕೇರಳಕ್ಕೂ ಹೋಗುವ ಸಿರಿವಂತರ ವಾಹನಗಳು ನಮ್ಮ ಹೊಲಗಳ ಅಂಚಿನಲ್ಲಿಯೇ ಹಾದುಹೋಗುತ್ತವೆ, ನಿಲ್ಲುವುದು ಅಪರೂಪ. 1891ರಲ್ಲಿ ನಂಜನಗೂಡಿಗೆ ಬಂದ ರೈಲು ಮುಂದೆ ಚಾಮರಾಜನಗರದತ್ತ ತಿರುಗಿಕೊಂಡಿತು. ಗುಂಡ್ಲುಪೇಟೆ ತಾಲ್ಲೂಕು ಅದನ್ನು ಇಂದಿಗೂ ಕಂಡಿಲ್ಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ನೆಲದಲ್ಲಿ ಜೋಳ, ರಾಗಿ, ಹುರುಳಿಗಳೇ ಬಹುಕಾಲ ಜನರ ಆಸರೆಯಾಗಿದ್ದವು. ಮಳೆ ತಪ್ಪಿದ ವರ್ಷ ಸಾಲ, ಸಾಲ ತೀರದಿದ್ದರೆ ಜೀತ.

ಮೈಸೂರು ಸೀಮೆಯ ಆರೋಗ್ಯದ ಚರಿತ್ರೆಯಲ್ಲಿ ನಮ್ಮ ಧರ್ಮಸಭೆಯ ಗುರುವೊಬ್ಬರ ಹೆಸರು ಮೊದಲಿಗೇ ಬರುತ್ತದೆ. ಶ್ರೀರಂಗಪಟ್ಟಣದ ಪತನದ ನಂತರ ಇತ್ತ ಬಂದ ಅಬ್ಬೆ ದ್ಯುಬುವಾ ಅವರು, ಜನರು ‘ದೊಡ್ಡ ಸ್ವಾಮಿಯವರು’ ಎಂದು ಗೌರವಿಸಿದವರು, 1803–04ರಲ್ಲಿ 25,432 ಮಂದಿಗೆ ಸಿಡುಬಿನ ದಾಕು ಹಾಕಿಸಿದರೆಂದು ದಾಖಲೆಯಿದೆ. ಆ ಕಾಲಕ್ಕೆ ಇದು ಸಾಮಾನ್ಯ ಕಾರ್ಯವಲ್ಲ. ಆದರೆ ಸಿಡುಬಿನಿಂದ ಉಳಿದವರ ಮೊಮ್ಮಕ್ಕಳು ಹಸಿವಿನಿಂದ ಉಳಿಯಲಿಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮದ ಭೀಕರತೆಯನ್ನು ಜನಗಣತಿಯೇ ಸಾರುತ್ತದೆ: 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ 55 ಸಾವಿರ ಜನರಿದ್ದರೆ, 1881ರಲ್ಲಿ ಉಳಿದಿದ್ದವರು 41 ಲಕ್ಷ 86 ಸಾವಿರ. ಅನಾಥರಾದ ಮಕ್ಕಳನ್ನು ಮಿಷನರಿಗಳು ಎತ್ತಿ ಸಾಕಿದರು. ಆ ಮಕ್ಕಳ ತಂದೆತಾಯಿಗಳನ್ನು ಕೊಂದದ್ದು ಮಳೆಯ ಅಭಾವವೊಂದೇ ಅಲ್ಲ, ಧಾನ್ಯವನ್ನು ಕೊಳ್ಳುವ ಕಾಸಿನ ಅಭಾವವೂ ಹೌದು.

1913ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವು ಬಂದಿತು. ಶಾಸನವೇನೋ ಒಳ್ಳೆಯದೇ. ದನ ಕಾಯುವ ಹುಡುಗನು ಶಾಲೆಗೆ ಹೋದರೆ ದನವನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯು ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಗೂ ಭೂಮಿ ಸಿಕ್ಕದ ಕೂಲಿಯವನಿಗೆ ಅದರಿಂದ ದೊರೆತದ್ದು ಅತ್ಯಲ್ಪ. ಜೀತಪದ್ಧತಿಯು ಕಾನೂನಿನಲ್ಲಿ 1976ರಲ್ಲಿ ಅಳಿಯಿತು.

ಈ ಮೂರು ಗಂಟುಗಳನ್ನು ಒಟ್ಟಿಗೆ ಬಿಚ್ಚಲು ಯತ್ನಿಸಿದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯವೃತ್ತಿಗೆಂದು ಹೋದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಔಷಧಿ ಕೊಟ್ಟು ಕಳುಹಿಸಿದ ರೋಗಿಯು ಅದೇ ಹಸಿವಿನ ಗುಡಿಸಲಿಗೆ ಮರಳುವನಾದರೆ ಔಷಧಿಯೊಂದರಿಂದ ಏನಾದೀತು? ಚಿಕಿತ್ಸಾಲಯದ ಜೊತೆಗೆ ಶಾಲೆಯೂ ಕಸುಬಿನ ತರಬೇತಿಯೂ ಬಂದವು. 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ವಿರುದ್ಧ ಮನೆಮನೆಗೆ ನಡೆಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನೂ ಹೊತ್ತಿತು. 1974ರಲ್ಲಿ ಅಭಯಾರಣ್ಯವಾದ ಆ ಕಾಡಿನಲ್ಲಿ ಬೇಸಾಯವನ್ನು ಕಳೆದುಕೊಂಡಿದ್ದ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಮರಳಿ ದೊರೆಯಿತು. ಅದಕ್ಕಾಗಿ ದುಡಿದವರಲ್ಲಿ ಸಿ. ಮಾದೇಗೌಡರಂತಹ ವಿದ್ಯಾವಂತ ಸೋಲಿಗರೇ ಮುಂದಿದ್ದರು. ಇದನ್ನು ಕಟ್ಟಿದವರು ನಮ್ಮ ಧರ್ಮಸಭೆಯವರಲ್ಲ; ಆದರೂ ನಮ್ಮ ಸಂಸ್ಥೆಗಳು ಇದನ್ನು ಹತ್ತಿರದಿಂದ ನೋಡಿ ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ.

1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಪದವಿಯನ್ನು ಕಳೆದುಕೊಳ್ಳುವನೆಂಬ ಮೂಢನಂಬಿಕೆಯಿಂದ ಅನೇಕರು ಅತ್ತ ಸುಳಿಯದಿದ್ದುದೂ ಉಂಟು. 2013ರಲ್ಲಿ ಮುಖ್ಯಮಂತ್ರಿಗಳಾದ ಸಿದ್ದರಾಮಯ್ಯನವರು ಹಲವು ಬಾರಿ ಬಂದುಹೋಗಿಯೂ 2018ರವರೆಗೆ ಅವಧಿಯನ್ನು ಪೂರೈಸಿದರು! 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇಕಡಾ 61.43, ಇದೇ ರಾಜ್ಯದ ದಕ್ಷಿಣ ಕನ್ನಡದಲ್ಲಿ 88.57. ನಮ್ಮ ಜಿಲ್ಲೆಯ ಸ್ತ್ರೀಯರಲ್ಲಂತೂ ಅದು 54.92 ಮಾತ್ರ, ಎಂದರೆ ಅರ್ಧಕ್ಕಿಂತ ತುಸು ಹೆಚ್ಚು. 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಆದರೂ 2021ರ ಮೇ 2 ಮತ್ತು 3ರ ನಡುವೆ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯೇ ಕಾರಣವೆಂದು ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯು ಹೇಳಿತು. ಆಮ್ಲಜನಕಕ್ಕಾಗಿ ನೆಚ್ಚಿಕೊಂಡದ್ದು ಮೈಸೂರನ್ನು.

ಈಗ ನಮ್ಮ ಸೀಮೆಯ ಹೊಲಗಳಲ್ಲಿ ಸೂರ್ಯಕಾಂತಿ, ಅರಿಸಿನ, ಟೊಮೇಟೊ, ಚೆಂಡುಹೂವುಗಳು ಕಾಣುತ್ತವೆ. ಕೊಳವೆಬಾವಿಯುಳ್ಳವರಿಗೆ ಇದು ಏಳಿಗೆಯ ಕಾಲ. ಇಲ್ಲದವರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳಿಗೆ, ಕೇರಳದ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುತ್ತಾರೆ. ಕಾಫಿಯ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಶಾಲೆಯ ವಾರ್ಷಿಕ ಪರೀಕ್ಷೆಗೆ ಮಕ್ಕಳು ಸಿದ್ಧರಾಗುವುದೂ ಆಗಲೇ. ತಂದೆತಾಯಿ ಹೊರಟಾಗ ಗಂಡುಮಗನನ್ನು ಅಜ್ಜಿಯ ಬಳಿ ಬಿಟ್ಟು, ಹೆಣ್ಣುಮಗಳನ್ನು ತೋಟದ ಲೈನ್ ಮನೆಯಲ್ಲಿ ಕೈಗೂಸನ್ನು ನೋಡಿಕೊಳ್ಳಲೆಂದು ಕರೆದೊಯ್ಯುವ ಮನೆಗಳು ನಮ್ಮಲ್ಲಿವೆ.